ಮೂರನೆಯ ಬಾಣಂತನದ ಅಂಟಿನುಂಡಿ

ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಕ್ಕಲಕೋಟ ಇನ್ನೂ ಸಂಸ್ಥಾನವಾಗಿದ್ದ ಕಾಲ. ಮೂರನೆಯ ಹೆಣ್ಣು ಹಡೆದ ನಮ್ಮವ್ವ ಕೂಸಿನ ಮುಖವನ್ನೂ ನೋಡದೆ, ಗೋಡೆಯ ಕಡೆ ತಿರುಗಿ ಅಳುತ್ತಲೇ ಇದ್ದಳು. ಒಂದು ಮಧ್ಯಾಹ್ನ ಅವಳ ತಾಯಿ ಚಪಳಗಾಂವದಿಂದ ಗಾಡಿ ಕಟ್ಟಿಸಿಕೊಂಡು, ಬಾಣಂತಿಗೆಂದು ಡಬ್ಬಿ ತುಂಬ ಅಂಟಿನುಂಡಿ ತಂದಳು.

“ಮಗಳ್ನ ಕಳಸ್ರಿ ಬೀಗರ. ನಾಕ ದಿನ ನನ್ನ ಮಗ್ಗಲದಾಗ ಮಲಗಲಿ.”

“ಗಂಡ ಹಡದಿದ್ರ ಕಳಸ್ತಿದ್ವಿ. ಈ ಅಳೂದೆಲ್ಲಾ ಸೋಗರಿ,” ಎಂದಳು ಅಪ್ಪನ ತಾಯಿ.

ಅಪ್ಪ ಪಡಸಾಲೆಯಲ್ಲಿ ಕೂತು ಆ ಉಂಡಿ ತಿನ್ನುತ್ತಿದ್ದ. “ತುಪ್ಪ ಛಲೋ ಹಾಕ್ಯಾರ” ಎಂದು ಇನ್ನೊಂದು ಉಂಡಿಗೆ ಕೈ ಹಾಕಿದ.

ಮಗಳಿಲ್ಲದೆ ಗಾಡಿ ಹೊರಟಾಗ ಅಪ್ಪನ ತಾಯಿ ಉಳಿದ ಉಂಡಿ ತೆಗೆದಿಟ್ಟುಕೊಂಡು, ಆ ಡಬ್ಬಿಗೆ ಒಂದು ಬೊಗಸೆ ಜೋಳ ಸುರಿದು ನನ್ನ ಕೈಗಿಟ್ಟಳು.

“ಓಡಿ ಹೋಗಿ ಕೊಟ್ಟ ಬಾ. ತವರಿನ ಡಬ್ಬಿ ಬರಿದ ಕಳಸಬಾರದು. ಬೀಗರು ಏನ ಅಂದ್ಕೊಂಡಾರು?”