ಹದಕ್ಕೆ ಬಂದ ಎಂಜಿನ್

ಎಂಟು ಸಿಲಿಂಡರಿನ ಆ ಹಳೆಯ ಕಾರನ್ನು ಅವನು ತಾನೇ ಬಿಚ್ಚಿ ಜೋಡಿಸಿದ್ದ. ಅದರ ಗುಡುಗು ಹದಕ್ಕೆ ಬರಲೆಂದು ತಿಂಗಳುಗಟ್ಟಲೆ, ದಿನವೂ ಸಂಜೆ, ಕಾರ್ಬ್ಯುರೇಟರಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಕಿವಿಗೊಟ್ಟಿದ್ದ. ಹದವೇನೋ ಬಂತು. ಆದರೆ ಅಷ್ಟರಲ್ಲಿ, ಹೆರಿಗೆಗೆಂದು ತವರಿಗೆ ಬಂದಿದ್ದ ಮೇಲಿನ ಮನೆಯ ಮಗಳು ಹಸುಗೂಸಿನೊಂದಿಗೆ ಆಸ್ಪತ್ರೆಯಿಂದ ಮರಳಿದಳು.

"ಕೂಸು ಬೆಚ್ಚಿಬಿದ್ರೆ ಕಾರು ನನ್ನ ಕಾಂಪೌಂಡಿನಲ್ಲಿ ಇರಕೂಡದು" ಎಂದರು ಮನೆ ಮಾಲೀಕರು.

ಅಂದಿನಿಂದ ಅವನು ಕೀಲಿ ತಿರುಗಿಸಿರಲಿಲ್ಲ. ಸ್ಟೇರಿಂಗ್ ಹಿಡಿದು ಕೂರುತ್ತಿದ್ದ, ಇಳಿಯುತ್ತಿದ್ದ, ಬಾನೆಟ್ ತೆರೆದು ಮತ್ತೆ ಮುಚ್ಚುತ್ತಿದ್ದ. ಮೇಲೆ ಮಗು ಅಳುತ್ತಲೇ ಇತ್ತು.

"ಬಾಗಿಲು ಹಾಕಿದ ಗುಡಿ ಮುಂದೆ ಪೂಜಾರಿ ಕೂತ ಹಾಗಿದೆ. ಮಾರಿಬಿಡಿ ಅತ್ಲಾಗೆ" ಎಂದಳು ಹೆಂಡತಿ.

ಅಷ್ಟರಲ್ಲಿ ಬಾಣಂತಿಯ ತಾಯಿ, ಅಳುವ ಮಗುವನ್ನೆತ್ತಿಕೊಂಡು ಮೆಟ್ಟಿಲಿಳಿದು ಬಂದರು. ನಿದ್ದೆಗೆಟ್ಟು ಅವರ ಕಣ್ಣು ಕೆಂಪಾಗಿತ್ತು.

"ನಿನ್ನ ಕಾರಿನ ವಿಷಯ ಮಾತಾಡ್ಬೇಕಿತ್ತಪ್ಪಾ."

"ಅಮ್ಮಾ, ನಾನು ಸ್ಟಾರ್ಟೇ ಮಾಡ್ತಿಲ್ಲ! ಬೇಕಾದ್ರೆ ಇವಳನ್ನೇ ಕೇಳಿ."

"ಅದಕ್ಕೇ ಬಂದದ್ದು. ಹೊಟ್ಟೇಲಿದ್ದಾಗ ದಿನಾ ಇದನ್ನೇ ಕೇಳ್ಕೊಂಡು ಮಲಗಿದ ಕೂಸು. ಒಂದ್ಸಲ ಸ್ಟಾರ್ಟ್ ಮಾಡಪ್ಪಾ, ನಿದ್ದೆ ಮಾಡ್ಲಿ."