ಗುರುವಾರದ ಹುಡುಗ

ಥರ್ಜಾ ಕೆಂಡ್ರಿಕ್ ವಾರಪತ್ರಿಕೆಯನ್ನು ಆ ಜಾಹೀರಾತು ಮೇಲೆ ಬರುವಂತೆ ಮಡಿಸಿ ಲೂಮಿಸರ ಔಷಧದಂಗಡಿಯ ಮೇಜಿನ ಮೇಲಿಟ್ಟಳು. “ಇವತ್ತೂ ಬಂದಿದೆ,” ಎಂದಳು.

ಲೂಮಿಸ್ ಕನ್ನಡಕ ಹುಡುಕುವ ನೆಪದಲ್ಲಿ ಒಂದು ಗಳಿಗೆ ಕಳೆದ. ಓದುವ ಅಗತ್ಯ ಅವನಿಗಿರಲಿಲ್ಲ. ‘ನನ್ನ ಮಗ ಅಮೋಸ್, ವಯಸ್ಸು ಎಂಟು, ಎರಡು ಚಳಿಗಾಲ ಕೆಮ್ಮಿನಿಂದ ಹಾಸಿಗೆ ಹಿಡಿದಿದ್ದ. ಈಗ ಗಿರಣಿಯ ಕೆರೆಯವರೆಗೆ ನಿಲ್ಲದೆ ಓಡುತ್ತಾನೆ. ಇದು ಲೂಮಿಸರ ಎದೆಪಾಕದ ಗುಣ. ಎಲ್ಲ ತಾಯಂದಿರೂ ಕೊಂಡು ನೋಡಬೇಕು. — ಶ್ರೀಮತಿ ಟಿ. ಕೆಂಡ್ರಿಕ್.’ ಅಕ್ಟೋಬರಿನಲ್ಲಿ ಇದೇ ಮೇಜಿನ ಮೇಲೆ ಕಾಗದವಿಟ್ಟುಕೊಂಡು ಅವಳು ಖುಷಿಯಿಂದ ಬರೆದುಕೊಟ್ಟ ಮಾತು. ಅಮೋಸ್ ಮಾರ್ಚಿನಲ್ಲಿ ತೀರಿಕೊಂಡ. ಈಗ ಜೂನ್.

“ಪತ್ರಿಕೆಯವರ ಹತ್ತಿರ ವರ್ಷಕ್ಕೆ ಅಂತ ಮಾತಾಡಿದ್ದಮ್ಮ,” ಎಂದ ಲೂಮಿಸ್. “ಬೇಡ ಅಂತ ನಾವು ಹೇಳೋವರೆಗೂ ಅವರು ತೆಗೆಯೋದಿಲ್ಲ. ಜೋಡಿಸಿದ ಅಚ್ಚುಮೊಳೆ ಬಿಚ್ಚದೆ ಹುರಿ ಕಟ್ಟಿ ಇಟ್ಟಿರ್ತಾರೆ, ವಾರವಾರ ಹಾಗೇ ಎತ್ತಿ ಪುಟಕ್ಕೆ ಕೂಡಿಸ್ತಾರೆ. ಯಾರೂ ಓದಿ ನೋಡೋದಿಲ್ಲ.”

“ಜನ ಓದ್ತಾರೆ.”

“ನಾನು ಹೋಗಿ ಹೇಳಬೇಕಂತಲೇ ಇದ್ದೆ.”

“ಅವನ ಪೆಟ್ಟಿಗೆಗೆ ಹೆಗಲು ಕೊಟ್ಟು ಸ್ಮಶಾನದ ಗುಡ್ಡ ಹತ್ತಿದೋರು ನೀವು. ಪತ್ರಿಕೆ ಆಫೀಸು ಅದಕ್ಕಿಂತ ದೂರವಾ?”

ಲೂಮಿಸ್ ಪತ್ರಿಕೆಯವರಿಗೆ ಬರೆಯಲು ಚೀಟಿಯೊಂದನ್ನು ಎಳೆದುಕೊಂಡು ಪೆನ್ಸಿಲಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿದ. ಬರೆಯುವ ಮುಂಚೆ ಬಾಗಿಲು ತೆರೆದುಕೊಂಡಿತು. ಲಂಗದ ಅಂಚಿಗೆ ಮೊಳದುದ್ದ ಧೂಳು ಮೆತ್ತಿಕೊಂಡ ಹೆಂಗಸೊಬ್ಬಳು ಒಳಗೆ ಬಂದಳು. ಊರಾಚೆಯ ಹೊಲಮನೆಗಳ ಕಡೆಯವಳು.

“ಕೆಂಡ್ರಿಕ್ ಅಮ್ಮ ತಮ್ಮ ಹುಡುಗನಿಗೆ ಕೊಟ್ಟರಲ್ಲ, ಅದೇ ಪಾಕ ಕೊಡಿ. ಅದರ ಹಾಗೇ ಇರೋದು ಅಂತ ಬೇರೆ ಕೊಡಬೇಡಿ, ಮತ್ತೆ.”

ವ್ಯಾಪಾರಿಯ ನಾಲಿಗೆ. ಲೂಮಿಸ್ ಸೀಸೆ ತೆಗೆದುಕೊಡುತ್ತಲೇ, “ಅದಕ್ಕೇನು, ಕೆಂಡ್ರಿಕ್ ಅಮ್ಮ ಇಲ್ಲೇ—” ಎಂದು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದ. ಕಿವಿ ಕೆಂಪಾಯಿತು.

ಹೆಂಗಸು ತಿರುಗಿದಳು. ಅವಳ ಮುಖವೆಲ್ಲ ಅರಳಿತು. “ನೀವಾ? ಅಮೋಸ್ ಹೇಗಿದಾನಮ್ಮ?”

ಮೂರು ತಿಂಗಳಿಂದ ಊರಿನಲ್ಲಿ ಯಾರೂ ಥರ್ಜಾಳ ಎದುರು ಆ ಹೆಸರೆತ್ತಿರಲಿಲ್ಲ. ಎತ್ತಿದರೂ ‘ಇದ್ದ’ ಎನ್ನುತ್ತಿದ್ದರು. ಹೇಗಿದಾನೆ ಎಂದು ಯಾರು ಕೇಳುತ್ತಾರೆ?

“ಓಡ್ತಾನೆ,” ಎಂದಳು. ಮಾತು ಅವಳಿಗೆ ಗೊತ್ತಾಗುವ ಮೊದಲೇ ಹೊರಗೆ ಬಿದ್ದಿತ್ತು.

“ನೋಡಿ. ನಮ್ಮ ರೂಫಸ್ ಹೇಳೋದೂ ಅದೇ. ಆರು ವರ್ಷ ಅವನಿಗೆ, ಅಕ್ಷರ ಕೂಡಿಸಿ ಓದ್ತಾನೆ. ಗುರುವಾರ ಪತ್ರಿಕೆ ಬಂದರೆ ಹಾಸಿಗೆಯಲ್ಲೇ ಬಿಚ್ಚಿ ಮೊದಲು ಅಮೋಸ್‌ನ ಹುಡುಕ್ತಾನೆ. ‘ಅವನು ಇನ್ನೂ ಓಡ್ತಾನೇ ಇದಾನಮ್ಮ, ಸುಸ್ತೇ ಆಗಲ್ವಾ?’ ಅಂತ ಕೇಳ್ತಾನೆ.” ಅವಳು ನಕ್ಕಳು. “ದಿನಕ್ಕೆ ಎಷ್ಟು ಚಮಚ ಕೊಟ್ಟಿರಿ?”

ಥರ್ಜಾಗೆ ಬೇರೆಯದೇ ಮಾತು ಬಾಯಿಗೆ ಬಂತು. “ಕೆಮ್ಮಿದರೆ ರಕ್ತ ಬೀಳ್ತದಾ?”

“ಹೋದ ಭಾನುವಾರದಿಂದ ಸ್ವಲ್ಪ.”

ಥರ್ಜಾ ಆ ಹೆಂಗಸಿನ ಕೈಯಿಂದ ಸೀಸೆ ತೆಗೆದು ಮೇಜಿನ ಮೇಲಿಟ್ಟಳು. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

“ಅವನು ಓಡಿದ್ದು ನಿಜ. ಸುಳ್ಳು ಬರೆದಿಲ್ಲ ನಾನು. ಎರಡು ವಾರ ಓಡಿದ. ಆ ಓಟ ನಂಬಿಕೊಂಡು ಡಾಕ್ಟರ ಹತ್ತಿರ ಕರ್ಕೊಂಡು ಹೋಗಲಿಲ್ಲ, ರಕ್ತ ಬಿದ್ದಾಗಲೂ ಇನ್ನೊಂದು ಸೀಸೆ ತಂದೆ. ಮಾರ್ಚಿನಲ್ಲಿ ಹೋದ. ನೀವು ಹಾಗೆ ಮಾಡಬೇಡಿ. ನದಿ ಆಚೆ ಡಾಕ್ಟರಿದ್ದಾರೆ, ದೋಣಿ ಮಧ್ಯಾಹ್ನದವರೆಗೂ ಇರ್ತದೆ. ಇವತ್ತೇ ಹೋಗಿ.”

“ಅವರು ಉಳಿಸ್ತಾರಾ?”

“ಗೊತ್ತಿಲ್ಲಮ್ಮ. ನಾನು ಹೋಗಿ ಕೇಳಲಿಲ್ಲವಲ್ಲ.”

ಲೂಮಿಸ್ ತಲೆಯೆತ್ತಲಿಲ್ಲ. ಹೆಂಗಸು ಸೀಸೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಬರಿಗೈಯನ್ನು ಲಂಗಕ್ಕೆ ಒರೆಸಿಕೊಂಡಳು. ಬಾಗಿಲವರೆಗೆ ಹೋದವಳು ನಿಂತಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಬರೋ ಗುರುವಾರ ಪತ್ರಿಕೆಯಲ್ಲಿ ಅಮೋಸ್ ಇಲ್ಲದಿದ್ದರೆ ಹುಡುಗನಿಗೆ ಏನು ಹೇಳಲಿ?” ಎಂದಳು. ಉತ್ತರಕ್ಕೆ ಕಾಯದೆ ದೋಣಿಕಟ್ಟೆಯ ಕಡೆ ಅಲ್ಲ, ಮನೆಯ ಕಡೆ, ಮಗುವನ್ನು ಕರೆತರಲು ಬಿರಬಿರನೆ ನಡೆದಳು.

ಥರ್ಜಾ ಅವಳು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದಳು. ಆಮೇಲೆ ಲೂಮಿಸನ ಬೆರಳ ಸಂದಿಯಿಂದ ಪೆನ್ಸಿಲ್ ತೆಗೆದುಕೊಂಡು ಮೇಜಿನ ಮೇಲಿದ್ದ ಜಾಹೀರಾತಿನಲ್ಲಿ ಎದೆಪಾಕದ ಸಾಲನ್ನು ಹೊಡೆದುಹಾಕಿದಳು. ತಾಯಂದಿರ ಸಾಲನ್ನು ಹೊಡೆದಳು. ಹಾಸಿಗೆ ಹಿಡಿದಿದ್ದ ಮಾತು ಹೋಯಿತು, ತನ್ನ ಹೆಸರೂ ಹೋಯಿತು.

“ನನ್ನ ಅಂಗಡಿ ಹೆಸರೂ ಇಲ್ಲ,” ಎಂದ ಲೂಮಿಸ್, ಮೆಲ್ಲಗೆ.

“ಇಲ್ಲ. ಪತ್ರಿಕೆ ಆಫೀಸಿಗೆ ನಾನೇ ಕೊಟ್ಟು ಬರ್ತೀನಿ. ಬೇಡ ಅಂತೀರಾ?”

ಅವನು ಪತ್ರಿಕೆಯನ್ನು ಮಡಿಸಿ ಅವಳ ಕೈಗೆ ಕೊಟ್ಟ.

ಮುಂದಿನ ಗುರುವಾರದ ಪತ್ರಿಕೆಯಲ್ಲಿ, ಕಬ್ಬಿಣದ ಒಲೆಗಳ ಜಾಹೀರಾತಿಗೂ ಬೇಸಿಗೆ ಟೋಪಿಗಳ ಜಾಹೀರಾತಿಗೂ ನಡುವೆ ಎರಡು ಸಾಲುಗಳಿದ್ದವು: ಅಮೋಸ್, ವಯಸ್ಸು ಎಂಟು, ಗಿರಣಿಯ ಕೆರೆಯವರೆಗೆ ನಿಲ್ಲದೆ ಓಡುತ್ತಾನೆ. ಕೊಳ್ಳುವಂಥದ್ದು ಅಲ್ಲಿ ಏನೂ ಇರಲಿಲ್ಲ.