ಪುಟಾಣಿಗೆ ಸ್ಕ್ಯಾನಿಂಗ್

“ಬೆನ್ನಿಗೆ ಮಾತ್ರ ಚುಚ್ಚಬೇಡಿ ಡಾಕ್ಟ್ರೇ,” ಎಂದ ಸರ್ವಮಂಗಳಮ್ಮ, ಮೇಜಿನ ಮೇಲೆ ಮಲಗಿದ್ದ ನಾಯಿಯ ಬೆನ್ನಿಗೆ ಎರಡೂ ಕೈ ಅಡ್ಡ ಇಟ್ಟು ನಿಂತುಬಿಟ್ಟರು. ನಾಯಿಯ ಹೆಸರು ಪುಟಾಣಿ, ತೂಕ ನಲವತ್ತೆಂಟು ಕಿಲೋ. ಕುಮಾರಸ್ವಾಮಿ ಲೇಔಟಿನಿಂದ ಪುಟ್ಟೇನಹಳ್ಳಿಯ ಈ ಕ್ಲಿನಿಕ್ಕಿಗೆ ಕರೆತಂದ ಆಟೋದವನು, “ಇದು ನಾಯೀನೇನಾ ಮೇಡಂ?” ಎಂದು ಎರಡು ಸಲ ಕೇಳಿದ್ದ.

ಪುಟಾಣಿಯ ಎಡತೊಡೆಯಲ್ಲಿ ನಿಂಬೆಹಣ್ಣಿನ ಗಾತ್ರದ ಗಡ್ಡೆ. ತೆಗೆಯಲೇಬೇಕು. ಹೃದಯ ಸೋತಿದೆ, ಪೂರ್ತಿ ಪ್ರಜ್ಞೆ ತಪ್ಪಿಸಿದರೆ ಏಳುವುದು ಅನುಮಾನ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವುದೊಂದೇ ದಾರಿ ಎಂದು ಡಾಕ್ಟರ್ ಗೌರೀಶಂಕರ ಆಗಲೇ ಮೂರು ಸಲ ಹೇಳಿದ್ದರು.

“ನಂಗೂ ಹೆರಿಗೇಲಿ ಕೊಟ್ಟಿದ್ರು. ನಾಲ್ಕು ಸಲ ಚುಚ್ಚಿ, ಐದನೇ ಸಲಕ್ಕೆ ಜಾಗ ಸಿಕ್ತು ಅಂದ್ರು. ಸಂಜೆವರೆಗೂ ಕಾಲಿರೋದೇ ಗೊತ್ತಾಗ್ಲಿಲ್ಲ. ವಾಪಸ್ ಬರುತ್ತೆ ಅಂತ ಒಬ್ರಾದ್ರೂ ಹೇಳ್ಬೇಡ್ವಾ? ಕಾಲು ಹೋಯ್ತು ಅಂತ ಅಳ್ತಾ ಮಲಗಿದ್ದೆ. ಇವನು ಬಾಯಿಲ್ಲದೋನು, ಯಾರ ಹತ್ರ ಹೇಳ್ಕೋತಾನೆ?”

“ಬರೀ ಬೆರಳಲ್ಲಿ ಹುಡುಕಿದ್ರೆ ಇವನ ಮೂಳೆ ನಂಗೂ ಸಿಗಲ್ಲಮ್ಮ,” ಎಂದರು ಡಾಕ್ಟರ್. “ಅದಕ್ಕೇ ಸ್ಕ್ಯಾನಿಂಗ್ ಮಾಡ್ಕೊಂಡು ಚುಚ್ತೀನಿ.”

“ಸ್ಕ್ಯಾನಿಂಗಾ? ಇವನು ಗಂಡು ಡಾಕ್ಟ್ರೇ.”

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಸರ್ವಮಂಗಳಮ್ಮ ಕೊನೆಗೂ ಒಪ್ಪಿ ಕೈ ತೆಗೆದ ಮೇಲೆ, ಬೆನ್ನಿನ ಕೂದಲು ಬೋಳಿಸಿ, ತಣ್ಣನೆಯ ಜೆಲ್ ಸವರಿ, ಪರದೆಯನ್ನು ಅವರ ಕಡೆಗೂ ತಿರುಗಿಸಿದರು. ಬರೀ ಬೂದುಬಣ್ಣ, ಮೋಡ ಕವಿದ ಹಾಗೆ.

“ಮೂಳೆ ಎಲ್ಲಿ?”

“ಇನ್ನೂ ಕೆಳಗೆ. ಮೇಲಿರೋದೆಲ್ಲ ಕೊಬ್ಬು. ಏನ್ ಹಾಕ್ತೀರಮ್ಮ ಇವನಿಗೆ?”

“ಬೇರೆ ಏನೂ ಇಲ್ಲಪ್ಪ. ನಾವು ತಿನ್ನೋದೇ,” ಎಂದ ಸರ್ವಮಂಗಳಮ್ಮ, ನಾವು ಏನು ತಿನ್ನುತ್ತೇವೆ ಎಂಬುದನ್ನು ಜಾಣತನದಿಂದ ನುಂಗಿಕೊಂಡರು.

ಕೊನೆಗೆ ಬಿಳಿ ಗೆರೆಯೊಂದು ಕಂಡಿತು. ಅದು ಮೂಳೆ. ಗೆರೆಯ ನಡುವೆ ಚೂರು ಜಾಗ, ಸೂಜಿ ಹೋಗಬೇಕಾದದ್ದು ಅಲ್ಲಿಗೇ. ಸೂಜಿ ನಿಧಾನವಾಗಿ ಇಳಿದು ಆ ಸಂದಿಯಲ್ಲೇ ನಿಂತಿತು. ಎರಡನೇ ಸಲ ಚುಚ್ಚಬೇಕಾಗಲಿಲ್ಲ. ಸರ್ವಮಂಗಳಮ್ಮನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಒಂದು ಗಂಟೆಯಲ್ಲಿ ಗಡ್ಡೆ ಹೊರಗೆ ಬಂತು. ಆದರೆ ಪುಟಾಣಿಯ ಹಿಂಗಾಲುಗಳು ಒದ್ದೆ ಬಟ್ಟೆಯ ಹಾಗೆ ಬಿದ್ದಿದ್ದವು. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಸರಿಯಾಗುತ್ತದೆ ಎಂದಿದ್ದರು ಡಾಕ್ಟರ್. ಸರ್ವಮಂಗಳಮ್ಮ ಪಕ್ಕದಲ್ಲೇ ಕುಕ್ಕರಿಸಿ, ಐದೈದು ನಿಮಿಷಕ್ಕೆ ಅದರ ಬಲಗಾಲಿನ ಬೆರಳು ಚಿವುಟುತ್ತ ಕುಳಿತರು. ಮೂರಾಯಿತು. ನಾಲ್ಕೂ ಆಯಿತು. ಡಾಕ್ಟರ್ ಬಂದು ನೋಡಿ, “ದಪ್ಪ ನಾಯಿ ಅಲ್ವಾ, ಸ್ವಲ್ಪ ತಡ ಆಗ್ಬಹುದು,” ಎಂದು ಹೋದರು. ಆ ದನಿಯಲ್ಲಿ ಬೆಳಗಿನ ಧೈರ್ಯ ಇರಲಿಲ್ಲ. ಒಪ್ಪಿಗೆ ಕೊಟ್ಟವಳು ನಾನೇ ಅಲ್ಲವೇ ಎಂದುಕೊಂಡರು ಸರ್ವಮಂಗಳಮ್ಮ. ಸಿಟ್ಟೋ ಭಯವೋ, ಈ ಸಲ ಜೋರಾಗಿಯೇ ಚಿವುಟಿದರು.

ಪುಟಾಣಿ ಕಾಲನ್ನು ಸರಕ್ಕನೆ ಎಳೆದುಕೊಂಡಿತು. ತಲೆಯೆತ್ತಿ, ಹಲ್ಲು ತೋರಿಸಿ, ಎಂಟು ವರ್ಷ ತುತ್ತು ಹಾಕಿದವರ ಮೇಲೆಯೇ ಗುರ್ರ್ ಎಂದಿತು.

ಸರ್ವಮಂಗಳಮ್ಮನ ಕಣ್ಣು ತುಂಬಿ ಬಂತು. “ಡಾಕ್ಟ್ರೇ, ಬನ್ನಿ ಇಲ್ಲಿ,” ಎಂದು ಕೂಗಿ, ಅದೇ ಬೆರಳನ್ನು ಮತ್ತೆ ಹಿಡಿದರು.

“ಇನ್ನೊಂದ್ಸಲ ಬೈಯೋ ಕಂದಾ. ಅವರೂ ಕೇಳ್ಲಿ.”